ಕಣ್ಣಂಚಿನ ಸುಕ್ಕು: ವಯಸ್ಸಿನದೋ, ಬಿಸಿಲಿನದೋ?

ನಾರಾಯಣಪೇಟೆ, ಗದ್ವಾಲಗಳಲ್ಲಿ ಸೂರಿನಡಿ ಮಗ್ಗದ ಮುಂದೆ ಕೂತು ಸೀರೆ ನೇಯುವವರಿದ್ದಾರೆ. ಮಕ್ತಲ್ ಸುತ್ತಿನ ಹೊಲಗಳಲ್ಲಿ ಹತ್ತಿ ಬಿಡಿಸುತ್ತ, ಕಳೆ ಕೀಳುತ್ತ ಬಿಸಿಲಲ್ಲೇ ದಿನ ಕಳೆಯುವವರೂ ಇದ್ದಾರೆ. ಇಬ್ಬರಿಗೂ ವಯಸ್ಸು ಏರುವುದು ಒಂದೇ ಲೆಕ್ಕದಲ್ಲಿ. ಅವರ ಚರ್ಮ ಮಾತ್ರ ಆ ಲೆಕ್ಕಕ್ಕೆ ಬದ್ಧವಲ್ಲ. ಕಣ್ಣಿನ ಸುತ್ತಲಿನ ಸುಕ್ಕಿಗೆ ಮುಪ್ಪೇ ಕಾರಣ ಎಂದು ನಾವು ಹೇಳಿಬಿಡುತ್ತೇವೆ. ಮುಪ್ಪಿನ ಪಾಲು ಇದೆ, ನಿಜ; ಆದರೆ ಅದರ ತಲೆಗೆ ಕಟ್ಟುವ ಹಾನಿಯಲ್ಲಿ ದೊಡ್ಡ ಪಾಲು ಬಿಸಿಲಿನದು.

ರೆಪ್ಪೆಯ ಚರ್ಮ ದೇಹದಲ್ಲೇ ಅತಿ ತೆಳು, ಸುಮಾರು ಅರ್ಧ ಮಿಲಿಮೀಟರ್. ಅದರಡಿ ಕಣ್ಣನ್ನು ಬಳಸಿಕೊಂಡು ಒಂದು ಸ್ನಾಯುವಿದೆ. ನಕ್ಕಾಗ, ಝಳಕ್ಕೆ ಕಣ್ಣು ಕಿರಿದು ಮಾಡಿದಾಗ ಅದು ಬಿಗಿಯುತ್ತದೆ. ಮೇಲಿನ ಚರ್ಮ ಸ್ನಾಯುವಿನ ಎಳೆಗಳಿಗೆ ಅಡ್ಡವಾಗಿ ಮಡಿಚಿಕೊಳ್ಳುತ್ತದೆ. ಎಳೆಯ ವಯಸ್ಸಿನಲ್ಲಿ ಈ ಮಡಿಕೆ ಮರುಕ್ಷಣವೇ ಮಾಯ. ಕೊಲಾಜೆನ್ ಎಳೆಗಳು ಚರ್ಮಕ್ಕೆ ಬಲ ಕೊಡುತ್ತವೆ, ಎಲಾಸ್ಟಿನ್ ಎಳೆಗಳು ಅದನ್ನು ಮೊದಲಿನ ಸ್ಥಿತಿಗೆ ಎಳೆದು ತರುತ್ತವೆ. ವಯಸ್ಸಾದಂತೆ ಹೊಸ ಕೊಲಾಜೆನ್ ತಯಾರಾಗುವುದು ತಗ್ಗುತ್ತದೆ. ಬಿಸಿಲಿನ ನೇರಳಾತೀತ ಕಿರಣಗಳು ಅಷ್ಟಕ್ಕೇ ನಿಲ್ಲುವುದಿಲ್ಲ: ಕೊಲಾಜೆನನ್ನು ಕತ್ತರಿಸುವ ಕಿಣ್ವಗಳನ್ನು ಹೆಚ್ಚಿಸುತ್ತವೆ, ಎಲಾಸ್ಟಿನನ್ನು ಕೆಲಸಕ್ಕೆ ಬಾರದ ಮುದ್ದೆಯಾಗಿಸುತ್ತವೆ. ಪೆಟ್ಟಿಗೆಯಲ್ಲಿಟ್ಟ ಗದ್ವಾಲ ಸೀರೆ ಮಡಿಕೆಯಲ್ಲೇ ಹರಿಯುತ್ತದೆ. ಆದರೆ ಅದು ದಾರ ಜೀರ್ಣವಾದ ಮೇಲೆ. ಹಾಗೆಯೇ ಗೆರೆ ಎಲ್ಲಿ ಬೀಳಬೇಕೆಂಬುದು ಸ್ನಾಯುವಿನ ಕೈಯಲ್ಲಿ, ಅದು ಉಳಿಯುತ್ತದೋ ಇಲ್ಲವೋ ಎಂಬುದು ಎಳೆಗಳ ಕೈಯಲ್ಲಿ.

ಬಿಸಿಲಿನ ಪಾಲಿಗೆ ಪುರಾವೆಯೂ ಇದೆ. 28 ವರ್ಷ ಲಾರಿ ಓಡಿಸಿದ 69ರ ಅಮೆರಿಕನ್ ಚಾಲಕನೊಬ್ಬನ ಚಿತ್ರ 2012ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬಂತು. ಕಿಟಕಿಯ ಕಡೆಗಿದ್ದ ಎಡಗೆನ್ನೆ, ಎಡಗಣ್ಣಿನ ಸುತ್ತ ಆಳವಾದ ಸುಕ್ಕು. ಬಲಗಡೆ ಅದಕ್ಕಿಂತ ಎಷ್ಟೋ ಕಡಿಮೆ. ಒಂದೇ ಮುಖ, ಒಂದೇ ವಯಸ್ಸು, ನಕ್ಕದ್ದೂ ಎರಡೂ ಕಡೆ ಸಮನಾಗಿಯೇ. ಒಬ್ಬನ ಕಥೆ ಸಾಲದು ಎನ್ನುವವರಿಗೆ ಆಸ್ಟ್ರೇಲಿಯಾದ ನ್ಯಾಂಬರ್ ಊರಿನ ಪ್ರಯೋಗವಿದೆ: ನಾಲ್ಕೂವರೆ ವರ್ಷ ದಿನವೂ ಸನ್‌ಸ್ಕ್ರೀನ್ ಹಚ್ಚಿದವರ ಚರ್ಮಕ್ಕೆ, ಮನಬಂದಾಗ ಹಚ್ಚಿದವರಿಗಿಂತ ಶೇ. 24ರಷ್ಟು ಕಡಿಮೆ ಮುಪ್ಪಾಗಿತ್ತು.

ಅವರೆಲ್ಲ ಬಿಳಿಯರು, ನಮ್ಮ ಕಪ್ಪು ಚರ್ಮಕ್ಕೆ ಮೆಲನಿನ್ ರಕ್ಷೆಯಿದೆಯಲ್ಲ ಎಂಬ ಆಕ್ಷೇಪ ನ್ಯಾಯವಾದದ್ದೇ. ಸುಕ್ಕು ನಮಗೆ ತಡವಾಗಿ ಬರುತ್ತದೆ, ಅದಕ್ಕೂ ಮೊದಲು ಕಪ್ಪು ಕಲೆ ಕಾಣಿಸುತ್ತದೆ. ಆದರೆ ಮೆಲನಿನ್ ಕಿರಣಗಳನ್ನು ತಗ್ಗಿಸುತ್ತದೆಯೇ ಹೊರತು ಪೂರ್ತಿ ತಡೆಯುವುದಿಲ್ಲ. ಈ ಸೀಮೆಯಲ್ಲಂತೂ ಮೇ ಮೊದಲ ವಾರದ ಹೊತ್ತಿಗೆ ನಡುಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೇ ಇರುತ್ತಾನೆ. ನೆರಳಲ್ಲೇ ಕೂತ ನೇಕಾರರಿಗೂ ಸುಕ್ಕು ಬರುತ್ತದಲ್ಲ ಎಂದರೆ, ಹೌದು: ವಯಸ್ಸು, ಸ್ನಾಯು, ಬೀಡಿ ಸಿಗರೇಟಿನ ಹೊಗೆ ತಮ್ಮ ಪಾಲಿನ ಕೆಲಸ ಮಾಡುತ್ತವೆ. ಬೊಟಾಕ್ಸ್ ಚುಚ್ಚಿ ಸ್ನಾಯುವನ್ನು ಸಡಿಲಿಸಿದರೆ ಗೆರೆ ತಗ್ಗುವುದೂ ನಿಜ. ಇದು ಬಿಸಿಲನ್ನು ಆರೋಪದಿಂದ ಬಿಡಿಸುವುದಿಲ್ಲ. ಬಿಸಿಲೊಂದೇ ಕಾರಣವಲ್ಲ ಎನ್ನುತ್ತದೆ, ಅಷ್ಟೆ.

ವಯಸ್ಸನ್ನು ತಡೆಯಲಾಗದು, ನಗುವನ್ನು ತಡೆಯಬೇಕಿಲ್ಲ. ಹೊಗೆಯ ಹೊರತು ಕೈಯಲ್ಲಿರುವುದು ಬಿಸಿಲೊಂದೇ. ಹಣೆಯ ಮುಂದಕ್ಕೆ ಎಳೆದ ಸೆರಗು, ಅಂಚು ಅಗಲವಾದ ಟೋಪಿ, ನೇರಳಾತೀತ ಕಿರಣ ತಡೆಯುವ ಕನ್ನಡಕ ಒಂದೇ ಏಟಿಗೆ ಎರಡು ಕೆಲಸ ಮಾಡುತ್ತವೆ: ಚರ್ಮಕ್ಕೆ ಕಿರಣ ತಾಕುವುದನ್ನು ತಗ್ಗಿಸುತ್ತವೆ, ಕಣ್ಣು ಕಿರಿದು ಮಾಡುವ ಅಗತ್ಯವನ್ನೂ ತಗ್ಗಿಸುತ್ತವೆ. ಮೂಡಿದ ಸುಕ್ಕನ್ನು ಅಳಿಸಲು ಕ್ರೀಮಿಗೆ ಸುರಿಯುವ ಹಣಕ್ಕಿಂತ ಈ ನೆರಳು ಅಗ್ಗ, ಫಲವೂ ಹೆಚ್ಚು.