‘ಪಾಳ್ಯ’ ಎಂಬ ಪುಟ್ಟ ಪದ

ಹಾಸನದಿಂದ ಸಕಲೇಶಪುರದ ಕಡೆಗೆ ಹೊರಟ ಪ್ರಯಾಣಿಕರಿಗೆ ಘಟ್ಟದ ತಂಪು ತಾಗುವ ಮೊದಲೇ ಪಾಳ್ಯ ಎಂಬ ಊರು ಎದುರಾಗುತ್ತದೆ. ಆಲೂರು ತಾಲ್ಲೂಕಿನ ಒಂದು ಹೋಬಳಿಗೆ ಹೆಸರು ಕೊಟ್ಟ ಊರಿದು. ಹೆಸರಿನ ಹಿಂದೆ ವ್ಯಕ್ತಿಯಿಲ್ಲ, ದೇವರಿಲ್ಲ, ಬರಿಯ ಪಾಳ್ಯ. ಕೊಳ್ಳೇಗಾಲದ ಸೀಮೆಯಲ್ಲಿಯೂ ಇದೇ ಹೆಸರಿನ ಊರೊಂದುಂಟು. ಬೆಂಗಳೂರಿನಲ್ಲಂತೂ ಮುನಿರೆಡ್ಡಿಪಾಳ್ಯ, ಗುರಪ್ಪನಪಾಳ್ಯ, ಗೋರಿಪಾಳ್ಯ, ಸುಬೇದಾರಪಾಳ್ಯ ಎಂದು ಹೆಜ್ಜೆ ಹೆಜ್ಜೆಗೂ ಪಾಳ್ಯಗಳೇ. ಇಂಗ್ಲಿಷ್ ಅಕ್ಷರಗಳಲ್ಲಿ ಬರೆದರೆ ಪಾಳ್ಯಕ್ಕೂ ಊಟದೆಲೆಯ ಪಲ್ಯಕ್ಕೂ ಭೇದವೇ ಉಳಿಯದು. ನಗರಕ್ಕೆ ಹೊಸದಾಗಿ ಬಂದವರು ಹುರುಳಿಕಾಯಿ ಪಲ್ಯದ ಧಾಟಿಯಲ್ಲಿ ಬಡಾವಣೆಯ ಹೆಸರು ಹೇಳಿದರೆ ಅವರನ್ನು ದೂರುವಂತಿಲ್ಲ.

ಪದದ ತುಂಬು ರೂಪ ಪಾಳೆಯ. ದಂಡು ಇಳಿದು ಬೀಡುಬಿಟ್ಟ ಸ್ಥಳವೆಂಬುದು ಒಂದರ್ಥ; ಸಣ್ಣ ಊರು, ಕೇರಿ ಎಂಬುದು ಇನ್ನೊಂದು. ತಮಿಳಿನ ಪಾಳೈಯಂ, ತೆಲುಗಿನ ಪಾಳೆಂ ಇದರ ಒಡಹುಟ್ಟುಗಳು. ನೀಲಗಿರಿಯ ಬುಡದಲ್ಲಿರುವ ಮೇಟ್ಟುಪ್ಪಾಳೈಯಂ ಊರಿನಲ್ಲಿರುವುದೂ ಇದೇ ಪದ.

ಪಾಳುಬಿದ್ದ ಊರೇ ಪಾಳ್ಯವೆಂದು ಸುಲಭವಾಗಿ ಅರ್ಥ ಹಚ್ಚಬೇಕೆನಿಸಬಹುದು. ಅದು ಸಲ್ಲದು. ಹಳಗನ್ನಡದಲ್ಲಿ ‘ಪಾಳು’ ಪದದ ಳಕಾರವೇ ಬೇರೆ. ಅದು ಈಗ ಮರೆಯಾಗಿರುವ ‘ೞ’ ಅಕ್ಷರದ್ದು. ಗಿರಣಿಯ ಕೆಲಸಗಾರರ ‘ಪಾಳಿ’ಯೂ ಬೇರೆ; ಅದು ಸರದಿ. ಇನ್ನೊಂದು ಸ್ವಾರಸ್ಯವುಂಟು. ಕನ್ನಡದಲ್ಲಿ ಪದದ ಮೊದಲಿನ ಪಕಾರ ಕಾಲಕ್ರಮದಲ್ಲಿ ಹಕಾರವಾಯಿತು: ಪಾಲು ಹಾಲಾಯಿತು, ಪಳ್ಳಿ ಹಳ್ಳಿಯಾಯಿತು, ಪಾಳು ಕೂಡ ಹಾಳಾಯಿತು! ಪಾಳ್ಯಕ್ಕೆ ಮಾತ್ರ ಆ ಗಾಳಿ ತಗುಲಲಿಲ್ಲ. ಹಳ್ಳಿಯು ನಮ್ಮಲ್ಲಿ ಬೇರೂರಿ ಎಷ್ಟೋ ಕಾಲವಾದ ಬಳಿಕ ಈ ಪದ ದಂಡುಗಳ ಜೊತೆಯಲ್ಲಿ ಬಂದಿರಬಹುದೆಂಬ ಊಹೆಗೆ ಇದು ಎಡೆಗೊಡುತ್ತದೆ.

ಪಾಳೆಯವನ್ನು ಆಳಿದವನು ಪಾಳೆಯಗಾರ. ಮಧುರೆಯ ನಾಯಕರು 16ನೆಯ ಶತಮಾನದಲ್ಲಿ ತಮ್ಮ ರಾಜ್ಯವನ್ನು 72 ಪಾಳೆಯಗಳಾಗಿ ಹಂಚಿದರೆಂಬುದು ಪ್ರಸಿದ್ಧ. ಕನ್ನಡ ನಾಡಿನಲ್ಲಿ ಚಿತ್ರದುರ್ಗ, ತರೀಕೆರೆ, ಹರಪನಹಳ್ಳಿಗಳ ಪಾಳೆಯಗಾರರನ್ನು ಅರಿಯದವರಾರು? ಆಲೂರಿನ ಪಾಳ್ಯಕ್ಕೆ ಪಶ್ಚಿಮದಲ್ಲಿರುವ ಸಕಲೇಶಪುರದ ಗುಡ್ಡಗಳು ಬಲಂ ಪಾಳೆಯಗಾರರ ನಾಡು. ಐಗೂರು ಅವರ ನೆಲೆ. 1799ರಲ್ಲಿ ಟಿಪ್ಪು ಮಡಿದ ಮೇಲೂ ಆ ಮನೆತನ ಕಂಪನಿಗೆ ತಲೆಬಾಗಲಿಲ್ಲ. ಕಾಡನ್ನೇ ಕೋಟೆಯಾಗಿಸಿಕೊಂಡಿದ್ದ ಬಲಂ ಪಾಳೆಯಗಾರನ ಮೇಲೆ 1802ರಲ್ಲಿ ಏರಿಬಂದವನು ಆರ್ಥರ್ ವೆಲ್ಲೆಸ್ಲಿ, ಮುಂದೆ 1815ರಲ್ಲಿ ವಾಟರ್ಲೂ ರಣರಂಗದಲ್ಲಿ ನೆಪೋಲಿಯನ್ನನನ್ನು ಸೋಲಿಸಿದ ಅದೇ ಸೇನಾನಿ. ಪಾಳೆಯಗಾರನು ಸೆರೆಸಿಕ್ಕಿ ಗಲ್ಲಿಗೇರಿದನು.

ಇಂದು ‘ಪಾಳೆಯಗಾರಿಕೆ’ಯೆಂಬುದು ದರ್ಪಕ್ಕೆ ಹೆಸರು, ಹೆಚ್ಚಾಗಿ ಬೈಗುಳವೇ. ಚುನಾವಣೆ ಬಂದೊಡನೆ ಪತ್ರಿಕೆಗಳು ‘ವಿರೋಧಿ ಪಾಳಯ’ದ ಸುದ್ದಿ ಬರೆಯುತ್ತವೆ; ಅಲ್ಲಿ ಮಾತ್ರ ಹಳೆಯ ದಂಡಿನ ವಾಸನೆ ಉಳಿದಿದೆ. ವಿಚಿತ್ರವೆಂದರೆ, 1809ರಲ್ಲಿ ಇಂಗ್ಲಿಷರು ಬೆಂಗಳೂರಿನಲ್ಲಿ ನಿಜವಾಗಿಯೂ ಸೇನೆಯ ಬೀಡು ಹೂಡಿದಾಗ ಜನ ಅದನ್ನು ಪಾಳ್ಯವೆನ್ನಲಿಲ್ಲ, ದಂಡು ಎಂದರು. ರೈಲು ನಿಲ್ದಾಣದ ಫಲಕದಲ್ಲಿ ಆ ಹೆಸರು ಈಗಲೂ ಇದೆ. ಪಾಳ್ಯವೆಂಬ ಹೆಸರು ಅಷ್ಟರಲ್ಲಿ ಒಲೆ ಹೂಡಿ, ತೊಟ್ಟಿಲು ಕಟ್ಟಿದವರ ಪಾಲಾಗಿತ್ತು.