ರಕ್ತ ಅಕಾರಣವಾಗಿ ಹೆಪ್ಪುಗಟ್ಟುವುದೇಕೆ? ಒಂದು ಪ್ರೋಟೀನಿನ ಕಥೆ

ಬೆರಳು ಕೊಯ್ದಾಗ ರಕ್ತ ಹೆಪ್ಪುಗಟ್ಟದಿದ್ದರೆ ಪ್ರಾಣಕ್ಕೆ ಕುತ್ತು. ಗಾಯವೇ ಇಲ್ಲದಾಗ ರಕ್ತನಾಳದೊಳಗೆ ಹೆಪ್ಪುಗಟ್ಟಿದರೂ ಕುತ್ತೇ. ವಯಸ್ಸಾದವರಿಗೆ, ಸಕ್ಕರೆ ಕಾಯಿಲೆ ಅಥವಾ ರಕ್ತದೊತ್ತಡ ಇರುವವರಿಗೆ ಈ ಎರಡನೆಯ ತೊಂದರೆ ಬರುವುದು ನಮಗೆಲ್ಲ ಗೊತ್ತು. ಆದರೆ ಮೂವತ್ತರ ಆಸುಪಾಸಿನ ಆರೋಗ್ಯವಂತರಿಗೆ ಪಾರ್ಶ್ವವಾಯು ಬಡಿದರೆ? ಒಬ್ಬ ಹೆಣ್ಣುಮಗಳಿಗೆ ಮೇಲಿಂದ ಮೇಲೆ ಬಸಿರು ನಿಲ್ಲದೆ ಹೋದರೆ? ಆಗ ನೆನಪಿಗೆ ಬರಬೇಕಾದ ಕಾಯಿಲೆಗಳಲ್ಲಿ ಒಂದು ಆಂಟಿಫಾಸ್ಫೋಲಿಪಿಡ್ ಸಿಂಡ್ರೋಮ್. ಪರೀಕ್ಷೆಯಿಂದ ಇದನ್ನು ಪತ್ತೆ ಹಚ್ಚಬಹುದು, ಪತ್ತೆಯಾದರೆ ಚಿಕಿತ್ಸೆಯೂ ಇದೆ. ಯಾರೂ ಹುಡುಕದಿದ್ದರೆ ಮಾತ್ರ ಅದು ಅಡಗಿಯೇ ಇರುತ್ತದೆ.

ಹೆಸರು ಒಂದು, ಗುರಿ ಇನ್ನೊಂದು

ನಮ್ಮನ್ನು ಕಾಯಬೇಕಾದ ರೋಗನಿರೋಧಕ ವ್ಯವಸ್ಥೆ ನಮ್ಮ ದೇಹದ ಮೇಲೆಯೇ ತಿರುಗಿಬಿದ್ದರೆ ಅದನ್ನು ಆಟೋಇಮ್ಯೂನ್ ಕಾಯಿಲೆ ಎನ್ನುತ್ತೇವೆ. 1906ರಲ್ಲಿ ವಾಸರ್ಮನ್ ಸಿಫಿಲಿಸ್ ರೋಗಕ್ಕೆ ಒಂದು ರಕ್ತಪರೀಕ್ಷೆ ರೂಪಿಸಿದರು. ಮುಂದೆ ಅದಕ್ಕೆ ದನದ ಹೃದಯದಿಂದ ತೆಗೆದ ಕಾರ್ಡಿಯೊಲಿಪಿನ್ ಎಂಬ ಕೊಬ್ಬನ್ನು ಬಳಸತೊಡಗಿದರು. ಸಿಫಿಲಿಸ್ ಇಲ್ಲದ ಕೆಲವು ಲೂಪಸ್ ರೋಗಿಗಳಲ್ಲೂ ಈ ಪರೀಕ್ಷೆ ಪಾಸಿಟಿವ್ ಬರುತ್ತಿತ್ತು. 1983ರಲ್ಲಿ ಲಂಡನ್ನಿನ ಡಾ. ಗ್ರಹಾಂ ಹ್ಯೂಸ್ ಇಂಥ ಪ್ರತಿಕಾಯಗಳು, ರಕ್ತದ ಹೆಪ್ಪು ಮತ್ತು ಗರ್ಭಪಾತ ಈ ಮೂರನ್ನೂ ಒಂದೇ ಕಾಯಿಲೆಯ ಎಳೆಯಲ್ಲಿ ಪೋಣಿಸಿದರು. ಅದಕ್ಕೇ ಇದಕ್ಕೆ ಹ್ಯೂಸ್ ಸಿಂಡ್ರೋಮ್ ಎಂಬ ಹೆಸರೂ ಇದೆ.

ಈ ಪ್ರತಿಕಾಯಗಳು ಜೀವಕೋಶದ ಹೊರಪದರದಲ್ಲಿರುವ ಫಾಸ್ಫೋಲಿಪಿಡ್ ಎಂಬ ಕೊಬ್ಬಿನ ಮೇಲೆಯೇ ದಾಳಿ ಮಾಡುತ್ತವೆಂದು ಎಲ್ಲರೂ ನಂಬಿದ್ದರು. 1990ರಲ್ಲಿ ಆ ನಂಬಿಕೆ ಬದಲಾಯಿತು. ನಾವು ನೆಲೆಸಿರುವ ಈ ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಮೆಕ್‌ನೀಲ್, ಕ್ರಿಲಿಸ್ ಮತ್ತು ಸಂಗಡಿಗರು, ನೆದರ್ಲೆಂಡ್ಸ್ ಹಾಗೂ ಜಪಾನಿನ ತಂಡಗಳು ಬೇರೆಬೇರೆಯಾಗಿ ಒಂದೇ ಸಂಗತಿಯನ್ನು ಕಂಡುಕೊಂಡವು. ಶುದ್ಧೀಕರಿಸಿದ ಪ್ರತಿಕಾಯ ಕೊಬ್ಬಿಗೆ ಅಂಟಬೇಕಾದರೆ ನಡುವೆ ಪ್ಲಾಸ್ಮಾದ ಒಂದು ಪ್ರೋಟೀನ್ ಇರಲೇಬೇಕಿತ್ತು. ಅದೇ ಬೀಟಾ-2 ಗ್ಲೈಕೊಪ್ರೋಟೀನ್-1.

ಐದು ಮಣಿಗಳ ಸರ

1961ರಲ್ಲೇ ಗುರುತಿಸಲಾಗಿದ್ದ ಈ ಪ್ರೋಟೀನ್ ಮುಖ್ಯವಾಗಿ ಯಕೃತ್ತಿನಲ್ಲಿ ತಯಾರಾಗುತ್ತದೆ. ಒಂದು ಮಿಲಿಲೀಟರ್ ಪ್ಲಾಸ್ಮಾದಲ್ಲಿ ಸುಮಾರು 200 ಮೈಕ್ರೋಗ್ರಾಂ ಇರುತ್ತದೆ. 326 ಅಮೈನೋ ಆಮ್ಲಗಳ ಈ ಸರಪಳಿಯಲ್ಲಿ ಐದು ಭಾಗಗಳಿದ್ದು, ಐದು ಮಣಿ ಪೋಣಿಸಿದ ಸರದಂತೆ ಕಲ್ಪಿಸಿಕೊಳ್ಳಬಹುದು. ಹೆಚ್ಚಿನ ಸಂಶೋಧಕರ ವಿವರಣೆಯಂತೆ ರಕ್ತದಲ್ಲಿ ಹರಿದಾಡುವಾಗ ಅದು ಬಳೆಯಂತೆ ಮುಚ್ಚಿಕೊಂಡಿರುತ್ತದೆ. ಐದನೆಯ ಮಣಿ ಫಾಸ್ಫೋಲಿಪಿಡ್‌ಗೆ ಅಂಟಿದಾಗ ಬಳೆ ಬಿಚ್ಚಿ ಮೀನಿನ ಗಾಳದ ಆಕಾರ ತಾಳುತ್ತದೆ. ಆಗ ಮೊದಲನೆಯ ಮಣಿಯಲ್ಲಿ ಮರೆಯಾಗಿದ್ದ ಒಂದು ಭಾಗ ಹೊರಗೆ ಕಾಣಿಸಿಕೊಳ್ಳುತ್ತದೆ. ಅಪಾಯಕಾರಿ ಪ್ರತಿಕಾಯಗಳು ಹೆಚ್ಚಾಗಿ ಹಿಡಿಯುವುದು ಅದನ್ನೇ.

ಪ್ರತಿಕಾಯಕ್ಕೆ ಎರಡು ಕೈಗಳು. ಒಂದೊಂದು ಕೈಯಲ್ಲಿ ಒಂದೊಂದು ಪ್ರೋಟೀನ್ ಹಿಡಿದಾಗ ಆ ಜೋಡಿ ಜೀವಕೋಶದ ಮೇಲೆ ಬಿಗಿಯಾಗಿ ಕೂರುತ್ತದೆ. ರಕ್ತನಾಳದ ಒಳಪದರ, ಬಿಳಿ ರಕ್ತಕಣ ಮತ್ತು ಪ್ಲೇಟ್‌ಲೆಟ್‌ಗಳು ಕೆರಳಿ ಹೆಪ್ಪುಗಟ್ಟುವ ಕಡೆಗೆ ವಾಲುತ್ತವೆ. ಹುಟ್ಟಿನಿಂದಲೇ ಈ ಪ್ರೋಟೀನ್ ಇಲ್ಲದವರಿಗೆ ಹೆಪ್ಪಿನ ತೊಂದರೆಯೇನೂ ಕಂಡುಬಂದಿಲ್ಲ. ಹಾಗಾಗಿ ದೋಷ ಪ್ರೋಟೀನಿನದಲ್ಲ, ಅದನ್ನು ಶತ್ರುವೆಂದು ತಿಳಿದ ಪ್ರತಿಕಾಯದ್ದು.

ಪ್ರತಿಕಾಯ ಇದ್ದ ಮಾತ್ರಕ್ಕೆ ಎಲ್ಲರಿಗೂ ಹೆಪ್ಪುಗಟ್ಟುವುದಿಲ್ಲ. ಸೋಂಕು, ಶಸ್ತ್ರಚಿಕಿತ್ಸೆ, ಧೂಮಪಾನ, ಈಸ್ಟ್ರೊಜೆನ್ ಇರುವ ಮಾತ್ರೆ, ಬಸಿರು, ಬಹಳ ಹೊತ್ತು ಅಲುಗಾಡದೆ ಕೂರುವುದು, ಇಂಥ ಇನ್ನೊಂದು ಕಾರಣ ಜೊತೆಗೂಡಿದಾಗ ಅಪಾಯ ಹೆಚ್ಚು.

ಪರೀಕ್ಷೆಯ ಒಗಟು

ಇದಕ್ಕೆ ಮೂರು ರಕ್ತಪರೀಕ್ಷೆಗಳಿವೆ: ಲೂಪಸ್ ಆಂಟಿಕೊಯಾಗ್ಯುಲೆಂಟ್, ಆಂಟಿಕಾರ್ಡಿಯೊಲಿಪಿನ್ ಮತ್ತು ಆಂಟಿ ಬೀಟಾ-2 ಗ್ಲೈಕೊಪ್ರೋಟೀನ್. ಮೊದಲನೆಯದರ ಹೆಸರು ಬಹಳ ಮಂದಿಯನ್ನು ದಾರಿ ತಪ್ಪಿಸುತ್ತದೆ. ಪ್ರಯೋಗಾಲಯದ ಕೊಳವೆಯಲ್ಲಿ ಹೆಪ್ಪುಗಟ್ಟಲು ಫಾಸ್ಫೋಲಿಪಿಡ್ ಬೇಕು. ಪ್ರತಿಕಾಯಗಳು ಅದನ್ನು ಆಕ್ರಮಿಸಿಕೊಳ್ಳುವುದರಿಂದ ಅಲ್ಲಿ ರಕ್ತ ತಡವಾಗಿ ಹೆಪ್ಪುಗಟ್ಟುತ್ತದೆ. ದೇಹದೊಳಗೆ ನಡೆಯುವುದು ಇದಕ್ಕೆ ತದ್ವಿರುದ್ಧ. ವರದಿ ನೋಡಿ ‘ನನ್ನ ರಕ್ತ ತೆಳು’ ಎಂದುಕೊಂಡು ನಿಶ್ಚಿಂತರಾಗುವುದು ಸಲ್ಲದು.

ಒಂದೇ ವರದಿಯಿಂದ ಗಾಬರಿಯಾಗುವುದೂ ಬೇಡ. ಸೋಂಕಿನ ನಂತರ ಈ ಪ್ರತಿಕಾಯಗಳು ಕೆಲಕಾಲ ಕಾಣಿಸಿಕೊಂಡು ಮಾಯವಾಗಬಹುದು. ಆದ್ದರಿಂದ ಕನಿಷ್ಠ 12 ವಾರಗಳ ಅಂತರದಲ್ಲಿ ಮತ್ತೊಮ್ಮೆ ಪರೀಕ್ಷಿಸಬೇಕು. ಮೂರೂ ಪರೀಕ್ಷೆಗಳು ಪಾಸಿಟಿವ್ ಆದವರಿಗೆ ಅಪಾಯ ಎಲ್ಲರಿಗಿಂತ ಹೆಚ್ಚು.

ಬಸಿರು ನಿಲ್ಲದಾಗ

ನಮ್ಮ ಮನೆಗಳಲ್ಲಿ ಈ ವಿಷಯವನ್ನು ಪಿಸುಮಾತಿನಲ್ಲಿ ಆಡುವುದೇ ಹೆಚ್ಚು. ಸೊಸೆ ಭಾರ ಎತ್ತಿದಳು, ಪಪ್ಪಾಯಿ ತಿಂದಳು, ಕೆಲಸ ಬಿಡಲಿಲ್ಲ ಎಂಬ ಮಾತು ಬರುತ್ತದೆ. ಸರ್ಪದೋಷವಿರಬೇಕೆಂದು ಊರಿನಿಂದ ಫೋನು ಬರುತ್ತದೆ. ಕುಕ್ಕೆಗೆ ಹೋಗಿ ಸೇವೆ ಮಾಡಿಸುವುದಕ್ಕೆ ನನ್ನ ಅಡ್ಡಿಯಿಲ್ಲ. ಆದರೆ ಅದರ ಜೊತೆಗೆ ಒಂದು ರಕ್ತಪರೀಕ್ಷೆಯೂ ಆಗಲಿ. ಹತ್ತು ವಾರದೊಳಗೆ ಸತತವಾಗಿ ಮೂರು ಗರ್ಭಪಾತಗಳಾಗಿದ್ದರೆ, ಅಥವಾ ಹತ್ತು ವಾರದ ಮೇಲೆ ಚೆನ್ನಾಗಿಯೇ ಬೆಳೆದಿದ್ದ ಶಿಶು ಹೊಟ್ಟೆಯಲ್ಲೇ ತೀರಿಕೊಂಡಿದ್ದರೆ, ಈ ಕಾಯಿಲೆಯ ಬಗ್ಗೆ ವೈದ್ಯರನ್ನು ಕೇಳಲೇಬೇಕು. ಪ್ರತಿಕಾಯಗಳು ಮಾಸಿನ ಜೀವಕೋಶಗಳಿಗೇ ನೇರವಾಗಿ ಹಾನಿ ಮಾಡುತ್ತವೆ. ಇದರಲ್ಲಿ ಆ ಹೆಣ್ಣುಮಗಳ ತಪ್ಪು ಎಳ್ಳಷ್ಟೂ ಇಲ್ಲ.

1997ರಲ್ಲಿ ಪ್ರಕಟವಾದ ಲಂಡನ್ನಿನ ಅಧ್ಯಯನವೊಂದರಲ್ಲಿ ಇಂಥ 90 ಮಹಿಳೆಯರಿದ್ದರು. ಕಡಿಮೆ ಪ್ರಮಾಣದ ಆಸ್ಪಿರಿನ್ ಮಾತ್ರ ಪಡೆದವರಲ್ಲಿ 42% ಮಂದಿಗೆ ಜೀವಂತ ಮಗು ಹುಟ್ಟಿತು. ಜೊತೆಗೆ ಹೆಪಾರಿನ್ ಚುಚ್ಚುಮದ್ದನ್ನೂ ಪಡೆದವರಲ್ಲಿ ಅದು 71%.

ಔಷಧಿ ಮತ್ತು ಬಸ್ಸಾರು

ಒಮ್ಮೆ ಹೆಪ್ಪುಗಟ್ಟಿದವರಿಗೆ ಸಾಮಾನ್ಯವಾಗಿ ವಾರ್ಫರಿನ್ ದೀರ್ಘಕಾಲ ಬೇಕಾಗುತ್ತದೆ. ಪದೇ ಪದೇ ರಕ್ತ ಪರೀಕ್ಷಿಸುವ ಕಿರಿಕಿರಿ ತಪ್ಪಿಸಲು ಹೊಸ ಮಾತ್ರೆಗೆ ಬದಲಾಯಿಸಬಹುದೇ ಎಂದು ಹಲವರು ಕೇಳುತ್ತಾರೆ. 2018ರ ಇಟಲಿಯ ಅಧ್ಯಯನದಲ್ಲಿ ಮೂರೂ ಪರೀಕ್ಷೆ ಪಾಸಿಟಿವ್ ಆಗಿದ್ದವರ ಪೈಕಿ ರಿವಾರೊಕ್ಸಬಾನ್ ಪಡೆದ 59 ಮಂದಿಯಲ್ಲಿ 7 ಮಂದಿಗೆ ಪಾರ್ಶ್ವವಾಯು ಅಥವಾ ಹೃದಯಾಘಾತವಾಯಿತು. ವಾರ್ಫರಿನ್ ಪಡೆದವರಲ್ಲಿ ಯಾರಿಗೂ ಆಗಲಿಲ್ಲ. ಬೇರೆ ಕಾಯಿಲೆಗೆ ಒಳ್ಳೆಯದಾದ ಮಾತ್ರೆ ಇಲ್ಲಿ ಒಳ್ಳೆಯದಾಗಬೇಕೆಂದಿಲ್ಲ. ವಾರ್ಫರಿನ್ ಗರ್ಭಸ್ಥ ಶಿಶುವಿಗೆ ಹಾನಿಕರವಾದ್ದರಿಂದ, ಬಸಿರು ಬಯಸುವವರು ಮೊದಲೇ ವೈದ್ಯರಿಗೆ ತಿಳಿಸಬೇಕು.

ಸೊಪ್ಪಿನಲ್ಲಿರುವ ವಿಟಮಿನ್ ಕೆ ವಾರ್ಫರಿನ್‌ನ ಶಕ್ತಿ ಕುಂದಿಸುತ್ತದೆ. ಹಾಗೆಂದು ಬಸ್ಸಾರು, ಮೆಂತ್ಯಸೊಪ್ಪಿನ ಪಲ್ಯ ಬಿಡಬೇಕಾಗಿಲ್ಲ. ವಾರವಾರವೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ತಿನ್ನಿ. ಊರಿಂದ ತಂದ ಆಯುರ್ವೇದದ ಔಷಧಿ, ನೋವಿನ ಮಾತ್ರೆಗಳನ್ನು ಕೇಳದೆ ಸೇರಿಸಬೇಡಿ. ಬೆಂಗಳೂರಿಗೆ ಹೊರಡುವ ಮುನ್ನ ರಕ್ತಪರೀಕ್ಷೆ ಮಾಡಿಸಿ, ಔಷಧಿಯನ್ನು ಕೈಚೀಲದಲ್ಲೇ ಇಟ್ಟುಕೊಳ್ಳಿ. ವಿಮಾನದಲ್ಲಿ ಆಗಾಗ ಎದ್ದು ಓಡಾಡಿ.

ನಿಮ್ಮ ಮನೆಯಲ್ಲಿ ಯಾರಿಗಾದರೂ ಚಿಕ್ಕ ವಯಸ್ಸಿನಲ್ಲೇ ಕಾರಣ ತಿಳಿಯದೆ ಹೆಪ್ಪುಗಟ್ಟಿದ್ದರೆ, ಅಥವಾ ಬಸಿರುಗಳು ಕೈತಪ್ಪಿದ್ದರೆ, ಮುಂದಿನ ಬಾರಿ ವೈದ್ಯರ ಬಳಿ ಹೋದಾಗ ಈ ಮೂರು ಪರೀಕ್ಷೆಗಳ ಹೆಸರು ಹೇಳಿ ಕೇಳಿ. ಕೇಳುವುದಕ್ಕೆ ಸಂಕೋಚ ಬೇಡ.