ಒಂದು ಮಗು, ನೂರು ದಿನದ ಕೂಲಿ

2025-26ರಲ್ಲಿ ಕರ್ನಾಟಕದ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 370 ರೂಪಾಯಿ ಇತ್ತು. ಬೀದರ ಜಿಲ್ಲೆಯ ಔರಾದದ ಒಂದು ಮನೆಗೆ ನೂರು ದಿನದ ಕೆಲಸ ಪೂರ್ತಿ ಸಿಕ್ಕಿತೆಂದೇ ಇಟ್ಟುಕೊಳ್ಳೋಣ. ಹಾಗೆ ಸಿಗುವ ಮನೆಗಳೇ ಕಡಿಮೆ. ವರ್ಷಕ್ಕೆ 37,000 ಆಯಿತು. ಐದು ಜನರ ಮನೆಯಲ್ಲಿ ತಲೆಗೆ ತಿಂಗಳಿಗೆ 617 ರೂಪಾಯಿ. ತೆಂಡೂಲ್ಕರ್ ಸಮಿತಿಯ ವಿಧಾನದಂತೆ 2011-12ಕ್ಕೆ ನಿಗದಿಯಾದ ದೇಶದ ಗ್ರಾಮೀಣ ಬಡತನದ ಗೆರೆಯೇ 816 ಇತ್ತು. ಉಳಿದದ್ದನ್ನು ತೊಗರಿ, ಸೋಯಾ ಹೊಲದ ಕೂಲಿಯಿಂದ ತುಂಬಿಸಬೇಕು. ಅದೂ ಸಾಲದಿದ್ದರೆ ಹೈದರಾಬಾದಿಗೋ ಪುಣೆಗೋ ಗುಳೆ ಹೋಗಬೇಕು.

2002ರಲ್ಲಿ ನಂಜುಂಡಪ್ಪ ಸಮಿತಿ ರಾಜ್ಯದ 39 ತಾಲ್ಲೂಕುಗಳನ್ನು ಅತ್ಯಂತ ಹಿಂದುಳಿದವೆಂದು ಗುರುತಿಸಿತು. ಅವುಗಳಲ್ಲಿ ಈ ಜಿಲ್ಲೆಯ ಔರಾದ, ಭಾಲ್ಕಿ, ಹುಮನಾಬಾದ, ಬಸವಕಲ್ಯಾಣ ನಾಲ್ಕೂ ಇದ್ದವು. 2011ರ ಜನಗಣತಿಯಲ್ಲಿ ಬೀದರ ಜಿಲ್ಲೆಯ ಗಂಡಸರ ಸಾಕ್ಷರತೆ ಶೇ. 79.09, ಹೆಂಗಸರದು ಶೇ. 61.55. ಹದಿನೇಳೂವರೆ ಅಂಶದ ಈ ಅಂತರ ನನ್ನನ್ನು ಬಹಳ ಕಾಡುತ್ತದೆ. ಅಪ್ಪ, ಅವ್ವ ಗುಳೆ ಹೋದ ಮನೆಯಲ್ಲಿ ತಮ್ಮ ತಂಗಿಯರನ್ನು ನೋಡಿಕೊಳ್ಳಲು ಶಾಲೆ ಬಿಡುವುದು ಹೆಚ್ಚಾಗಿ ದೊಡ್ಡ ಮಗಳೇ.

ಕ್ರೈಸ್ತ ಸೇವಾ ಸಂಸ್ಥೆಗಳು ನಡೆಸುವ 'ಮಗುವಿಗೊಬ್ಬ ಪ್ರಾಯೋಜಕ' ಪದ್ಧತಿಯನ್ನು ಈ ಲೆಕ್ಕದ ಪಕ್ಕದಲ್ಲಿಟ್ಟು ನೋಡಬೇಕು. ಕೊರಿಯಾ ಯುದ್ಧದ ಅನಾಥ ಮಕ್ಕಳಿಗಾಗಿ 1952ರಲ್ಲಿ ಶುರುವಾದ ಅಮೆರಿಕದ ಕಂಪ್ಯಾಷನ್ ಇಂಟರ್‌ನ್ಯಾಷನಲ್ ಭಾರತದಲ್ಲಿ 589 ಕೇಂದ್ರಗಳ ಮೂಲಕ ಸುಮಾರು 1,45,000 ಮಕ್ಕಳಿಗೆ ನೆರವಾಗುತ್ತಿತ್ತು. ವಿದೇಶಿ ದೇಣಿಗೆಗೆ ಪೂರ್ವಾನುಮತಿ ಬೇಕೆಂಬ ನಿರ್ಬಂಧ ಬಿದ್ದ ಮೇಲೆ ಹಣ ನಿಂತು, 2017ರ ಮಾರ್ಚ್‌ನಲ್ಲಿ ಬಾಗಿಲು ಮುಚ್ಚಿತು. ಅದಕ್ಕೂ ಮೊದಲು ವರ್ಷಕ್ಕೆ ಬರುತ್ತಿದ್ದದ್ದು ಸುಮಾರು 4.5 ಕೋಟಿ ಡಾಲರ್. ಮಗುವಿಗೆ 310 ಡಾಲರ್. ಡಾಲರಿಗೆ ಅಂದಿನ 67 ರೂಪಾಯಿಯಂತೆ 20,793 ರೂಪಾಯಿ.

ಇದು ದೇಶದ ಸರಾಸರಿ. ಔರಾದದ ಅಳತೆಗೆ ತಂದರೆ ಅದರ ತೂಕ ತಿಳಿಯುತ್ತದೆ. 2016-17ರಲ್ಲಿ ರಾಜ್ಯದ ಖಾತ್ರಿ ಕೂಲಿ 224 ರೂಪಾಯಿ. ನೂರು ದಿನಕ್ಕೆ 22,400. ಅಂದರೆ ಒಂದು ಮನೆಯ ಇಡೀ ವರ್ಷದ ಖಾತ್ರಿ ಕೂಲಿಗೆ ಹತ್ತಿರ ಹತ್ತಿರದ ಮೊತ್ತ ಒಂದೇ ಮಗುವಿನ ಊಟ, ಪಾಠ, ಔಷಧಿಗೆ ಮತ್ತು ಅದನ್ನೆಲ್ಲ ನೋಡಿಕೊಳ್ಳುವವರ ಸಂಬಳಕ್ಕೆ ಮೀಸಲಾಗಿತ್ತು. ಅದೇ ವರ್ಷ ಪ್ರಾಥಮಿಕ ಶಾಲೆಯ ಬಿಸಿಯೂಟಕ್ಕೆ ನಿಗದಿಯಾಗಿದ್ದ ಅಡುಗೆ ವೆಚ್ಚ ಮಗುವಿಗೆ ದಿನಕ್ಕೆ 4.13 ರೂಪಾಯಿ. 220 ದಿನಕ್ಕೆ ಗುಣಿಸಿದರೆ 909. ಅಕ್ಕಿಯ ಬೆಲೆ, ಅಡುಗೆಯವರ ಗೌರವಧನ ಬೇರೆ, ನಿಜ. ಅವನ್ನು ಸೇರಿಸಿದರೂ ಅಂತರ ಮುಚ್ಚುವುದಿಲ್ಲ.

ವಿದೇಶದ ಹಣ ಮತಾಂತರಕ್ಕೆ ಬಳಕೆಯಾಗುತ್ತದೆಂಬ ಆರೋಪದ ವಿಚಾರಣೆ ಸರ್ಕಾರದ ಅಧಿಕಾರಕ್ಕೆ ಸೇರಿದ್ದು. ಆದರೆ ಹಣ ನಿಲ್ಲಿಸುವಾಗ ಆ ಮಕ್ಕಳ ಮಧ್ಯಾಹ್ನ, ಸಂಜೆಗಳಿಗೆ ಬದಲಿ ವ್ಯವಸ್ಥೆ ಮಾಡದೆ ಹೋದದ್ದು ತಪ್ಪು ಎಂದೇ ನನ್ನ ಮಾತು. ವಿದೇಶಿ ದೇಣಿಗೆ ಕಾಯ್ದೆಯ 2020ರ ತಿದ್ದುಪಡಿ ಆಡಳಿತ ವೆಚ್ಚದ ಮಿತಿಯನ್ನು ಶೇ. 50ರಿಂದ 20ಕ್ಕೆ ಇಳಿಸಿತು. ಒಂದು ಸಂಸ್ಥೆ ಪಡೆದ ವಿದೇಶಿ ದೇಣಿಗೆಯನ್ನು ಇನ್ನೊಂದಕ್ಕೆ ವರ್ಗಾಯಿಸುವುದನ್ನೂ ನಿಷೇಧಿಸಿತು. ಪೆಟ್ಟು ಬಿದ್ದದ್ದು ದೊಡ್ಡ ಸಂಸ್ಥೆಗಳ ಆಸರೆಯಲ್ಲಿ ಹಳ್ಳಿಯಲ್ಲಿ ಕೆಲಸ ಮಾಡುತ್ತಿದ್ದ ಸಣ್ಣ ಸಂಸ್ಥೆಗಳಿಗೆ.

ಬೀದರ ಜಿಲ್ಲೆಯಲ್ಲಿ ಇನ್ನೊಂದು ದಾರಿಯೂ ಇದೆ. ಮಂಗಲಪೇಟೆಯ ಮೆಥೋಡಿಸ್ಟರು ಶಾಲೆ ಕಟ್ಟಿದರೆ, ಹುಮನಾಬಾದಿನ ಕ್ಯಾಥೊಲಿಕ್ ಸಂಸ್ಥೆ ಆರ್ಬಿಟ್ ಮಹಿಳೆಯರ ಸ್ವಸಹಾಯ ಸಂಘಗಳನ್ನು ಕಟ್ಟಿತು. ಸಂಘಗಳಿಗೆ ಸಾಲ ಕೊಡುವುದರಲ್ಲಿ ಬೀದರ ಡಿಸಿಸಿ ಬ್ಯಾಂಕು ಮೊದಲೇ ಹೆಸರು ಮಾಡಿತ್ತು. ಲೆಕ್ಕಕ್ಕಾಗಿ ಹಿಡಿಯೋಣ: ಒಬ್ಬ ತಾಯಿ 10,000 ರೂಪಾಯಿಯನ್ನು ಸಾಹುಕಾರನಲ್ಲಿ ತಿಂಗಳಿಗೆ ನೂರಕ್ಕೆ ಮೂರರಂತೆ ತಂದರೆ ವರ್ಷದ ಬಡ್ಡಿ 3,600. ಸಂಘದಲ್ಲಿ ನೂರಕ್ಕೆ ಒಂದರಂತೆ ಸಿಕ್ಕರೆ 1,200. ಉಳಿದ 2,400 ಅಂದರೆ 2025-26ರ ದರದಲ್ಲಿ ಆರೂವರೆ ದಿನದ ಖಾತ್ರಿ ಕೂಲಿ. ಇಪ್ಪತ್ತು ಮಂದಿಯ ಸಂಘಕ್ಕೆ 48,000.

ಸಂಘದ ಈ ಉಳಿತಾಯ ಮಕ್ಕಳ ಕೇಂದ್ರಕ್ಕೆ ಬದಲಿಯಾದೀತೇ? ಆಗದು. 589 ಕೇಂದ್ರಗಳ ಸರಾಸರಿ 246 ಮಕ್ಕಳು. ಹಳೆಯ ದರದಲ್ಲೇ ಒಂದು ಕೇಂದ್ರಕ್ಕೆ ವರ್ಷಕ್ಕೆ 51 ಲಕ್ಷ ರೂಪಾಯಿ, ಅಂದರೆ 107 ಸಂಘಗಳು ಉಳಿಸಿದ ಬಡ್ಡಿ. ಆ ಹಣವಾದರೂ ಬೀಜಕ್ಕೆ, ಆಸ್ಪತ್ರೆಗೆ, ಮದುವೆಗೆ ಮೊದಲೇ ಹಂಚಿಹೋಗಿರುತ್ತದೆ.

ಪೂರ್ತಿ ವರ್ಷ ಕೇಂದ್ರ ನಡೆಸುವುದು ಸಾಧ್ಯವಾಗದಿದ್ದರೆ ಗುಳೆಯ ನಾಲ್ಕು ತಿಂಗಳನ್ನಾದರೂ ಹಿಡಿಯಬೇಕು. ಆಗ ಮಗುವಿಗೆ 6,931, ಕೇಂದ್ರಕ್ಕೆ 17 ಲಕ್ಷ. ಗುಳೆ ಹೋದವರ ಮಕ್ಕಳಿಗೆ ಋತುಮಾನದ ವಸತಿ ನಿಲಯ ನಡೆಸಲು ಸಮಗ್ರ ಶಿಕ್ಷಣದಲ್ಲಿ ಅವಕಾಶವಿದೆ. ಚರ್ಚುಗಳು, ಮಠಗಳು, ಬೆಂಗಳೂರಿನಲ್ಲಿ ನೌಕರಿಯಲ್ಲಿರುವ ಈ ಭಾಗದ ಮಂದಿ ಊರಿನ ಮಕ್ಕಳಿಗೆಂದು ಕೊಡುವ ಹಣ ಮೊದಲು ಆ ನಾಲ್ಕು ತಿಂಗಳ ರಾತ್ರಿಯೂಟಕ್ಕೆ, ಮಲಗುವ ಜಾಗಕ್ಕೆ, ಹೆಣ್ಣುಮಕ್ಕಳ ಜೊತೆ ಇರುವ ಒಬ್ಬ ಮೇಲ್ವಿಚಾರಕಿಯ ಸಂಬಳಕ್ಕೆ ಹೋಗಲಿ.